ನೋಡಿದವರ ಸಂಖ್ಯೆ

"ಅದನ್ನ ಮುಚ್ಚಿಬುಡಪ್ಪ," ಅಂದಳು ಜಯಕ್ಕ, ಸ್ಟೂಲಿನ ಮೇಲೆ ಕೂರುವುದಕ್ಕೂ ಮೊದಲೇ.

ತಿಪಟೂರಿನ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಕಾಮ್ರಾನನ ಕಂಪ್ಯೂಟರ್ ಅಂಗಡಿ. ಒಂದು ಕಡೆ ಇಂಟರ್‌ನೆಟ್ ನೋಡುವವರಿಗೆ ಪ್ಲೈವುಡ್ಡಿನ ಗೂಡುಗಳು, ಇನ್ನೊಂದು ಕಡೆ ಜೆರಾಕ್ಸ್ ಮಿಷನ್ನು, ಅದರ ಮಗ್ಗುಲಲ್ಲಿ ಚಿತ್ತೇಶನ ಟೇಬಲ್ಲು. ಟೇಬಲ್ಲಿನ ಮೇಲಿನ ಗೋಡೆಗೆ 'ಇಲ್ಲಿ ವೆಬ್‌ಸೈಟ್ ಮಾಡಿಕೊಡಲಾಗುವುದು' ಎಂದು ಅವನೇ ಬರೆದು ಅಂಟಿಸಿದ ಹಾಳೆ. ಅದನ್ನು ಓದಿ ಬಂದವರು ಮೊದಲು ಕೇಳುತ್ತಿದ್ದುದು ಒಂದೇ ಪ್ರಶ್ನೆ: "ಏನು ಓದಿದೀಯಪ್ಪ?" ಚಿತ್ತೇಶ ಹತ್ತನೇ ಕ್ಲಾಸಿನ ಅರ್ಧಕ್ಕೇ ಸ್ಕೂಲಿಗೆ ಬೆನ್ನು ತಿರುಗಿಸಿದವನು. ಆ ಪ್ರಶ್ನೆ ಕೇಳಿದವರ ಮುಖಕ್ಕೆ ಮೌಸು ಎಸೆಯಬೇಕು ಅನ್ನಿಸುತ್ತಿತ್ತು ಅವನಿಗೆ. ಕೇಳದೆ ಕೆಲಸ ಕೊಟ್ಟವಳು ಇಡೀ ಸೀಮೆಗೆ ಜಯಕ್ಕ ಒಬ್ಬಳೇ.

"ಏನನ್ನ ಮುಚ್ಚೋದು ಜಯಕ್ಕ?"

"ಅದೇ, ನಂದು. ಕಂಪ್ಯೂಟರ್‌ನಾಗೆ ಹಾಕಿದ್ದೆಯಲ್ಲ ನನ್ನ ತೆಂಗಿನ ಸಸಿ, ಅದು."

ಜಯಕ್ಕನದು ಹಂದನಕೆರೆ ಪಕ್ಕದ ಒಂದು ಹಟ್ಟಿ. ಗಂಡ ಕಾಟಪ್ಪ ಕುರಿ ಹಿಂದೆ ಹೊರಟನೆಂದರೆ ತಿಂಗಳುಗಟ್ಟಲೆ ಮುಖ ತೋರಿಸದ ಮನುಷ್ಯ. ಇರುವ ತುಂಡು ತೋಟದಲ್ಲಿ ಒಳ್ಳೆಯ ತಾಯಿಮರ ನೋಡಿ ಕಾಯಿ ಆರಿಸಿ, ಮರಗಳ ನೆರಳಲ್ಲಿ ಮಡಿ ಮಾಡಿ ಹೂತು, ನೀರು ಹೊತ್ತು ಸಸಿ ಎಬ್ಬಿಸಿ ಮಾರುವುದು ಅವಳ ಕಸುಬು. ತೆಂಗಿನ ಸಸಿಗೆ ಒಂದು ವಯಸ್ಸಿದೆ. ಮುಂಗಾರು ಹಿಡಿಯುವ ಹೊತ್ತಿಗೆ ಅದು ಮಡಿಯಿಂದ ಎದ್ದು ಇನ್ನೊಬ್ಬರ ಗುಂಡಿ ಸೇರಬೇಕು. ತಡವಾದರೆ ಬೇರು ಆಳಕ್ಕೆ ಇಳಿದು, ಕೀಳುವಾಗ ಹರಿದು, ಯಾರಿಗೂ ಬೇಡದ್ದಾಗುತ್ತದೆ. ಸಸಿ ದಲ್ಲಾಳಿ ಪರಮಶಿವಯ್ಯನಿಗೆ ಈ ಲೆಕ್ಕ ಚೆನ್ನಾಗಿ ಗೊತ್ತಿತ್ತು. ಮಳೆ ಬೀಳುವವರೆಗೂ ಅವನು ತೋಟದ ಕಡೆ ತಲೆ ಹಾಕುತ್ತಿರಲಿಲ್ಲ. ಬಿದ್ದ ಮೇಲೆ ಬಂದು, ಮೂಗು ಮುರಿದು, ತಾನು ಹೇಳಿದ್ದೇ ರೇಟು ಅಂತ ಇಡೀ ಮಡಿ ಎತ್ತಿಕೊಂಡು ಹೋಗುತ್ತಿದ್ದ. ವರ್ಷ ವರ್ಷವೂ ಅದೇ ಆಟ. ಇದನ್ನು ಕೇಳಿದ ದಿನ ಚಿತ್ತೇಶನಿಗೆ ಹೊಟ್ಟೆ ಉರಿದಿತ್ತು.

ಆ ಉರಿಯಲ್ಲೇ ಹುಟ್ಟಿದ್ದು ಜಯಕ್ಕನ ವೆಬ್‌ಸೈಟು. ತಾಯಿಮರದ ಫೋಟೊ, ಸಸಿಯ ಫೋಟೊ, ದಾರಿ, ಅವಳ ಫೋನ್ ನಂಬರು. ಕಂಟೆಂಟ್ ಮ್ಯಾನೇಜ್‌ಮೆಂಟ್ ಸಿಸ್ಟಮ್ ಅನ್ನುವ, ಪುಕ್ಕಟೆಗೆ ಸಿಗುವ ಒಂದು ಸಾಫ್ಟ್‌ವೇರಿನಲ್ಲಿ ಅದನ್ನು ಕಟ್ಟಿದ. ಅದರಲ್ಲಿ ಬರಹ ಒಂದು ಕಡೆ ಇರುತ್ತದೆ, ಬರಹ ಹೇಗೆ ಕಾಣಬೇಕು ಅನ್ನುವುದು ಇನ್ನೊಂದು ಕಡೆ. ಪ್ರೋಗ್ರಾಮು ಗೊತ್ತಿಲ್ಲದವರೂ ಪಾಸ್‌ವರ್ಡ್ ಹಾಕಿ ಒಳಗೆ ಹೋಗಿ ತಮ್ಮ ಮಾತನ್ನು ತಾವೇ ತಿದ್ದಬಹುದು. ಅದನ್ನು ಮಾಡಿರುವುದೇ ಅದಕ್ಕೆ. ಆದರೆ ಪಾಸ್‌ವರ್ಡನ್ನು ಚಿತ್ತೇಶ ತನ್ನ ಹತ್ತಿರವೇ ಇಟ್ಟುಕೊಂಡಿದ್ದ. ಜಯಕ್ಕನಿಗೆ ಅದೆಲ್ಲ ಎಲ್ಲಿ ತಿಳಿಯುತ್ತೆ ಅಂತ.

ಹೋದ ವರ್ಷ ಕಡೂರು, ಹೊಸದುರ್ಗ, ಹಿರಿಯೂರಿನ ಆಚೆಯಿಂದೆಲ್ಲ ಫೋನು ಬಂದು, ಮಳೆಗೆ ಮೊದಲೇ ಮಡಿ ಖಾಲಿಯಾಗಿತ್ತು. ಪರಮಶಿವಯ್ಯ ಬಂದವನು ಬರೀ ಮಣ್ಣು ನೋಡಿ, ನೀರು ಕೇಳಿ ಕುಡಿದು, ಗಾಡಿ ತಿರುಗಿಸಿಕೊಂಡು ಹೋಗಿದ್ದ. ಅಂಥದ್ದನ್ನು ಈಗ, 2009ರ ಮೇ ತಿಂಗಳಲ್ಲಿ, ಸಸಿ ಹದಕ್ಕೆ ಬಂದು ನಿಂತಿರುವಾಗ, ಮುಚ್ಚು ಅನ್ನುತ್ತಿದ್ದಾಳೆ.

"ಮುಚ್ಚಿದ್ರೆ ಮತ್ತೆ ಪರಮಶಿವಯ್ಯನ ಕಾಲಿಗೆ ಬೀಳ್ತೀರಾ?" ಚಿತ್ತೇಶನ ದನಿ ಏರಿತು.

"ಕೂಗಬ್ಯಾಡ. ಅದರ ಕೆಳಗಡೆ ಒಂದು ನಂಬರು ಓಡ್ತದಲ್ಲ, ಏನದು?"

"ನೋಡಿದವರ ಸಂಖ್ಯೆ. ಯಾರೇ ತೆಗೆದು ನೋಡಿದ್ರೂ ಒಂದು ಜಾಸ್ತಿ ಆಯ್ತದೆ."

"ಈಗ ಎಷ್ಟೈತೆ?"

ಚಿತ್ತೇಶ ತೆರೆದು ತೋರಿಸಿದ. ಕಪ್ಪು ಪಟ್ಟಿಯ ಮೇಲೆ ಹಸಿರು ಅಂಕಿ. ನಾಲ್ಕು ಸಾವಿರ ದಾಟಿತ್ತು. ಅದನ್ನು ಅವನೇ ಹುಡುಕಿ ತಂದು ಅಂಟಿಸಿದ್ದ. ದಿನಾ ಬೆಳಗ್ಗೆ ಅಂಗಡಿ ತೆರೆದ ಕೂಡಲೇ ಅದನ್ನು ನೋಡಿ ಆಮೇಲೆ ಟೀ ಕುಡಿಯುತ್ತಿದ್ದ.

ಜಯಕ್ಕ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು. "ನಾಲ್ಕು ಸಾವಿರ ಜನದ ಕಣ್ಣು. ಎಳೇ ಕೂಸನ್ನ ನಾಲ್ಕು ಜನ ಎತ್ತಾಡಿಸಿ ಚೆನ್ನಾಗೈತೆ ಅಂದ್ರೇ ಸಂಜೆಗೆ ರಚ್ಚೆ ಹಿಡೀತದೆ. ದಾರಿ ಕಡೆ ಮಡಿ ಸುಳಿ ಬಗ್ಗಿಸ್ಕಂಡು ನಿಂತೈತೆ ಕಣಪ್ಪ. ಒಂದೊಂದೇ ಬಾಡ್ತಾ ಐತೆ. ನೀರು ಹಾಕಿದೆ, ಬೇವಿನ ಹಿಂಡಿ ಹಾಕಿದೆ. ಊಹ್ಞೂಂ."

"ಅಯ್ಯೋ ಜಯಕ್ಕ! ಕಂಪ್ಯೂಟರಲ್ಲಿ ನೋಡಿದ್ರೆ ದೃಷ್ಟಿ ಆಯ್ತದಾ? ದೊಡ್ಡ ದೊಡ್ಡ ಅಂಗಡಿಯೋರ ಸೈಟನ್ನ ಲಕ್ಷಗಟ್ಲೆ ಜನ ನೋಡ್ತಾರೆ. ಅವೆಲ್ಲ ಬಾಡೋಗವ್ವಾ?"

"ಅವರು ಸಾಮಾನು ಇಟ್ಟವ್ರೆ. ನಾನು ಇಟ್ಟಿರೋದು ಜೀವ."

ಚಿತ್ತೇಶ ಬಾಯಿ ತೆರೆದ. ಅಷ್ಟರಲ್ಲಿ ಕಾಮ್ರಾನ್ ಗಲ್ಲಾ ಬಿಟ್ಟು ಬಂದ. "ಸುಮ್ನಿರು ಯಾರ್," ಅಂದ. "ಶಟರ್ ಮೇಲೆ ಕಪ್ಪು ದಾರ ನೋಡಿದೀರಾ ಜಯಕ್ಕ? ನಮ್ಮಮ್ಮ ಕಟ್ಟಿದ್ದು. ನಜರ್ ತಾಗುತ್ತೆ ಅಂತ. ಇವನ ಕಂಪ್ಯೂಟರಿಗೂ ಒಂದು ಕಟ್ಟಿಸ್ಬೇಕು ಅಂತಿದ್ದೆ. ಇವನ ಕಣ್ಣೇ ಇವನಿಗೆ ಬೀಳೋ ಹಂಗೈತೆ."

ಜಯಕ್ಕನಿಗೆ ಅರ್ಧ ನಗು ಬಂತು. ಚಿತ್ತೇಶನಿಗೆ ಅದೂ ಬರಲಿಲ್ಲ. ತಾನು ಕಟ್ಟಿದ ಮೊದಲ ಸೈಟು. ಅದರಿಂದ ಒಂದು ಹೆಣ್ಣುಮಗಳು ದಲ್ಲಾಳಿಯ ಮುಂದೆ ತಲೆ ಎತ್ತಿ ನಿಂತಿದ್ದಾಳೆ. ಅದನ್ನು ಒಂದು ಬಾಡಿದ ಮಡಿಯ ಲೆಕ್ಕಕ್ಕೆ ಹಾಕಿ ಹೂಳುವುದಾ?

"ಆ ನಂಬರು ತಾನೆ ನಿಮಗೆ ಬೇಡಾಗಿರೋದು? ತಗೀತೀನಿ, ಈಗ್ಲೇ."

"ಲೇ, ಮೊದ್ಲು ಒಂದು ಕಾಪಿ ಇಟ್ಕೋ," ಅಂದ ಕಾಮ್ರಾನ್. "ಜನ ನೋಡ್ತಿರೋ ಸೈಟಿಗೇ ಕೈ ಹಾಕ್ಬೇಡ. ಕಾಪಿ ಮೇಲೆ ಮಾಡಿ, ಸರಿ ಹೋದ್ರೆ ಮೇಲಕ್ಕೆ ಹಾಕು."

"ಒಂದು ಸಾಲು ತೆಗೆಯೋಕೆ ಕಾಪಿ ಏನ್ಲಾ?"

ಒಂದು ಸಾಲಾಗಿರಲಿಲ್ಲ. ನಾವಾಗಿ ಸೇರಿಸುವ ಇಂಥ ಬಾಲಂಗೋಚಿಗಳಿಗೆ ಅಂತಲೇ ಸಾಫ್ಟ್‌ವೇರಿನಲ್ಲಿ ಬೇರೆ ಜಾಗ ಇರುತ್ತದೆ. ಅಂದು ಅವಸರದಲ್ಲಿ ಚಿತ್ತೇಶ ಅಲ್ಲಿ ಹಾಕದೆ, ಸಾಫ್ಟ್‌ವೇರಿನ ಮೂಲ ಫೈಲಿನ ಹೊಟ್ಟೆ ಬಗೆದು ನಡುವೆ ತುರುಕಿದ್ದ. ಈಗ ತೆರೆದು ನೋಡಿದರೆ ಯಾವುದು ತನ್ನದು, ಯಾವುದು ಅದರದ್ದು ಅನ್ನುವುದೇ ಗುರುತಿಗೆ ಸಿಗಲಿಲ್ಲ. ಕೋಪದಲ್ಲಿ ಬೆರಳು ನಿಲ್ಲುವುದಿಲ್ಲ. ಇದಿರಬೇಕು ಅಂತ ಅಳಿಸಿದ. ಎಲ್ಲೋ ಒಂದು ಬ್ರಾಕೆಟ್ಟು ಜೊತೆಗೆ ಹೋಯಿತು. ಸೇವ್ ಮಾಡಿ ಸೈಟು ತೆರೆದ.

ಬಿಳಿ. ತಾಯಿಮರ ಇಲ್ಲ, ಫೋನ್ ನಂಬರಿಲ್ಲ, ಒಂದು ಅಕ್ಷರ ಇಲ್ಲ. ಸುಣ್ಣ ಬಳಿದ ಗೋಡೆಯ ಹಾಗೆ ಪರದೆ ಪೂರ್ತಿ ಬಿಳಿ.

ಜಯಕ್ಕ ಬಗ್ಗಿ ನೋಡಿದಳು. "ಮುಚ್ಚೇಬುಟ್ಯಾ? ಒಳ್ಳೇದಾಯ್ತು ಬುಡಪ್ಪ," ಅಂದಳು. ಚೀಲದಿಂದ ಎರಡು ಎಳನೀರು ತೆಗೆದು ಟೇಬಲ್ಲಿನ ಮೇಲಿಟ್ಟಳು. "ಸಿಟ್ಟು ಮಾಡ್ಕಬ್ಯಾಡ. ನೀನು ಒಳ್ಳೇದಕ್ಕೇ ಮಾಡಿದ್ದು. ನನ್ನ ಹಣೇಲಿ ಇಲ್ಲ." ಬಸ್ಸಿನ ಹಾರ್ನು ಕೇಳಿ ಎದ್ದು ನಡೆದಳು.

ಬೈದಿದ್ದರೆ ಚಿತ್ತೇಶ ತಿರುಗಿ ಬೈಯುತ್ತಿದ್ದ. ಎಳನೀರಿಗೆ ಏನು ಹೇಳುವುದು?

"ಕೆಡಿಸಿಬಿಟ್ಟೆ ಕಣ್ಲಾ," ಅಂದ, ಕಾಮ್ರಾನನ ಮುಖ ನೋಡದೆ.

"ಬಾಗಿಲು ಕೆಡಿಸಿದೀಯ. ಮನೆಯೊಳಗಿರೋ ಸಾಮಾನು ಹಂಗೇ ಐತೆ. ಅವರ ಫೋಟೊ, ಬರಹ ಎಲ್ಲ ಬೇರೆ ಕಡೆ ಭದ್ರವಾಗಿರ್ತವೆ. ಮೂಲ ಫೈಲನ್ನ ಹೊಸದಾಗಿ ಇಳಿಸಿ ಹಾಕಿದ್ರೆ ಎದ್ದು ಕೂರುತ್ತೆ."

"ಹಾಕ್ಲಾ?"

"ಅವರು ಮುಚ್ಚು ಅಂದವ್ರಲ್ಲ. ತೋಟ ಅವರದು, ಸೈಟೂ ಅವರದು. ಅವರು ಹೇಳ್ದೆ ಹೆಂಗೆ ಹಾಕ್ತೀಯ?"

ಚಿತ್ತೇಶನಿಗೆ ಆ ಮಾತಿನ ಮೇಲೂ ಸಿಟ್ಟು ಬಂತು, ಯಾಕೆಂದರೆ ಅದು ನಿಜ. "ನಾಳೆ ಹೋಯ್ತೀನಿ," ಅಂದ. "ಆ ಮಡೀನ ಕಣ್ಣಾರೆ ನೋಡ್ತೀನಿ. ಹುಳ ಬಿದ್ದಿರ್ತದೆ. ಹುಳ ತೋರಿಸಿ, ದೃಷ್ಟಿ ಅಲ್ಲ ಅಂತ ಹೇಳಿ ಬತ್ತೀನಿ."

ಮಾರನೇ ಬೆಳಗ್ಗೆ ಹಾಲ್ಕುರಿಕೆ ಮೇಲೆ ಹಂದನಕೆರೆಗೆ ಹೋಗುವ ಖಾಸಗಿ ಬಸ್ಸು ಹತ್ತಿದ. ದಾರಿಯುದ್ದಕ್ಕೂ ಹುಳದ ಬಗ್ಗೆ ಏನು ಮಾತಾಡಬೇಕು ಅಂತ ಮನಸ್ಸಲ್ಲೇ ಜಗಳ ತಯಾರು ಮಾಡಿಕೊಂಡ.

ಜಯಕ್ಕ ಡೇರಿಗೆ ಹಾಲು ಹಾಕಿ ಆಗಷ್ಟೇ ಬಂದಿದ್ದಳು. ತೋಟಕ್ಕೆ ದಾರಿಯ ಕಡೆ ಬೇಲಿ ಇರಲಿಲ್ಲ. ಮೊದಲ ಮಡಿ ಅವಳು ಹೇಳಿದ ಹಾಗೇ ಇತ್ತು: ಸುಳಿ ಜೋತು, ಗರಿ ಹಳದಿಗೆ ತಿರುಗಿ, ಸಂತೆಯಿಂದ ಸೋತು ಬಂದವರ ಹಾಗೆ. ಎರಡನೆಯದರಲ್ಲಿ ಅಲ್ಲೊಂದು ಇಲ್ಲೊಂದು. ಬಾವಿಯ ಪಕ್ಕದ ಒಳಮಡಿಗಳು ಮಾತ್ರ ಕರ್ರಗೆ ಹಸಿರಾಗಿ ನೆಟ್ಟಗೆ ನಿಂತಿದ್ದವು. ಚಿತ್ತೇಶ ಕುಕ್ಕರುಗಾಲಲ್ಲಿ ಕೂತು ಹುಳ ಹುಡುಕಿದ. ಗರಿಯಲ್ಲಿ ಒಂದು ತೂತಿಲ್ಲ, ಸುಳಿಯಲ್ಲಿ ಕೊಳೆಯಿಲ್ಲ.

"ಸಿಕ್ತಾ?" ಅಂದಳು ಜಯಕ್ಕ.

"ಇಲ್ಲ."

"ನಂಗೂ ಸಿಗ್ಲಿಲ್ಲ. ಬಾ, ಮಜ್ಜಿಗೆ ಕುಡಿ."

ಇಬ್ಬರೂ ಗುಡಿಸಲಿನ ಒಳಗಿದ್ದಾಗ ದಾರಿಯಲ್ಲಿ ಬೈಕು ನಿಂತ ಸದ್ದಾಯಿತು. ಯಾರೂ ಕೂಗಲಿಲ್ಲ. ಚಿತ್ತೇಶ ಲೋಟ ಹಿಡಿದೇ ಬಾಗಿಲಿಗೆ ಬಂದ. ಬಿಳಿ ಅಂಗಿಯ, ಐವತ್ತರ ಆಸುಪಾಸಿನ ಒಬ್ಬ ಮನುಷ್ಯ ನೆಟ್ಟಗೆ ಎರಡನೇ ಮಡಿಯೊಳಗೆ ಇಳಿದು, ಒಂದು ಸಸಿಯ ಕುತ್ತಿಗೆ ಹಿಡಿದು ಎಳೆದ. ಅಲ್ಲಾಡಿಸಿದ. ಅರ್ಧ ಮೇಲೆದ್ದ ಕಾಯಿಯ ಕೆಳಗೆ ಬಗ್ಗಿ ಇಣುಕಿ, ಮತ್ತೆ ಅದುಮಿ, ಕಾಲಲ್ಲಿ ಮಣ್ಣು ಸರಿಸಿ, ಪಕ್ಕದ್ದಕ್ಕೆ ಕೈ ಹಾಕಿದ.

"ಬುಡ್ರೀ! ಕುತ್ತಿಗೆ ಬುಡ್ರೀ!" ಜಯಕ್ಕ ಚಿತ್ತೇಶನನ್ನು ತಳ್ಳಿಕೊಂಡೇ ಓಡಿದಳು. "ಯಾರ್ರೀ ನೀವು? ಬೇರು ಹರಿದೋಯ್ತದೆ ಅನ್ನೋ ಗ್ಯಾನ ಬ್ಯಾಡ್ವಾ?"

ಆ ಮನುಷ್ಯ ಬೆಚ್ಚಿ ಕೈ ತೆಗೆದ. ಅವನ ಮುಖದಲ್ಲಿ ಕಳ್ಳತನ ಇರಲಿಲ್ಲ, ನೋವಿತ್ತು. "ಇದೇನ್ರಮ್ಮ ಹಿಂಗಂತೀರಾ? ಕಡೂರಿಂದ ಬಂದಿದೀನಿ, ಹುಚ್ಚರಂಗಯ್ಯ ಅಂತ. ನಿಮ್ಮ ವೆಬ್‌ಸೈಟಲ್ಲೇ ಹಾಕಿದೀರಲ್ಲ? ಯಾವಾಗ ಬೇಕಾದ್ರೂ ಬನ್ನಿ, ಎಳೆದು ನೋಡಿ, ಬೇರು ನೋಡಿ, ಆಮೇಲೆ ಕೊಳ್ಳಿ ಅಂತ. ಹೋದ ವಾರ ನಮ್ಮ ಭಾಮೈದನೂ ಬಂದಿದ್ದ. ಯಾರೂ ಇರ್ಲಿಲ್ವಂತೆ. ನಾಲ್ಕಾರು ಎಳೆದು ನೋಡ್ಕಂಡು ಬಂದು, ಬೇರು ಚೆನ್ನಾಗವೆ ಭಾವ, ಹೋಗು ಅಂದ. ಅದಕ್ಕೇ ಬಂದೆ."

ಜಯಕ್ಕ ಬಾಡಿದ ಮಡಿಯ ಕಡೆ ನೋಡಿದಳು. ಆಮೇಲೆ ಡೇರಿಯ ದಾರಿಯ ಕಡೆ ನೋಡಿದಳು. ತಾನು ಹಾಲು ಹಾಕಲು ಹೋದಾಗ, ಹುಲ್ಲಿಗೆ ಹೋದಾಗ, ಇನ್ನೆಷ್ಟು ಜನ ಬಂದು, ಎಳೆದು, ಅದುಮಿ, ಹೋಗಿದ್ದಾರೋ. ಒಬ್ಬೊಬ್ಬರು ಎಳೆದದ್ದು ನಾಲ್ಕಾರೇ ಇರಬೇಕು. ಒಳಮಡಿಯವರೆಗೆ ನಡೆಯುವ ತಾಳ್ಮೆ ಯಾರಿಗೂ ಇದ್ದಿರಲಿಕ್ಕಿಲ್ಲ.

"ನಾನು ಹಂಗೆ ಹೇಳಿಲ್ಲ," ಅಂದಳು ಮೆಲ್ಲಗೆ. "ನಾನ್ಯಾವತ್ತೂ ಹಂಗೆ ಹೇಳಿಲ್ಲ ಸ್ವಾಮಿ."

ಆ ಸಾಲು ಬರೆದ ದಿನ ಚಿತ್ತೇಶನಿಗೆ ಚೆನ್ನಾಗಿ ನೆನಪಿತ್ತು. ಈ ವರ್ಷದ ಸಸಿಯ ಫೋಟೊ ಹಾಕುವಾಗ ಪುಟದ ಮೇಲೆ ಖಾಲಿ ಜಾಗ ಉಳಿದಿತ್ತು. ಪರಮಶಿವಯ್ಯನ ಹಾಗೆ ಮುಚ್ಚುಮರೆ ವ್ಯಾಪಾರ ಅಲ್ಲ ಇದು, ಎದೆ ತಟ್ಟಿ ಮಾರುವುದು ಅಂತ ಲೋಕಕ್ಕೆ ಗೊತ್ತಾಗಲಿ ಎಂದು ಆವೇಶದಲ್ಲಿ ಬರೆದು, ಎರಡು ಸಲ ಜೋರಾಗಿ ಓದಿಕೊಂಡು ಖುಷಿಪಟ್ಟಿದ್ದ. ಜಯಕ್ಕನನ್ನು ಕೇಳಬೇಕು ಅಂತ ಅವನಿಗೆ ಹೊಳೆದೇ ಇರಲಿಲ್ಲ.

"ನಾನೇ ಬರ್ದಿದ್ದು ಜಯಕ್ಕ," ಅಂದ. "ಚೆನ್ನಾಗಿರ್ತದೆ ಅಂತ."

ಜಯಕ್ಕ ಬೈಯುತ್ತಾಳೆ ಅಂತ ಕಾದ. ಅವಳು ಮಡಿಯಲ್ಲಿ ಕೂತು, ಹುಚ್ಚರಂಗಯ್ಯ ಎಳೆದಿದ್ದ ಸಸಿಯ ಬುಡಕ್ಕೆ ಎರಡೂ ಕೈಯಲ್ಲಿ ಮಣ್ಣು ಏರಿಸಿ ಒತ್ತಿದಳು. ಒತ್ತುತ್ತಲೇ ಅಂದಳು: "ಅಂದ್ರೆ ನನ್ನ ಬಾಯಲ್ಲಿ ನೀನು ಮಾತಾಡಿದ್ದೀಯ."

"ಹೂಂ."

"ನನ್ನ ಮಾತು ನಾನೇ ಆಡ್ತಿದ್ದೆನಲ್ಲ. ಅದ್ರಾಗೆ ನಾನು ಬರೆಯೋಕೆ ಆಯ್ತಿರ್ಲಿಲ್ವಾ? ಏಳನೇ ಕ್ಲಾಸಿನವರೆಗೆ ಓದಿವ್ನಿ ಕಣಪ್ಪ. ಕನ್ನಡ ಬತ್ತದೆ."

"ಆಯ್ತದೆ," ಅಂದ ಚಿತ್ತೇಶ. ಏನು ಓದಿದೀಯ ಅಂತ ತನ್ನನ್ನು ಕೇಳಿದ ಒಬ್ಬೊಬ್ಬರ ಮುಖವೂ ಕಣ್ಣಮುಂದೆ ಬಂತು. ತಾನೂ ಜಯಕ್ಕನಿಗೆ ಅದನ್ನೇ ಮಾಡಿದ್ದ, ಬಾಯಿಬಿಟ್ಟು ಕೇಳದೆ. "ಅದನ್ನ ಮಾಡಿರೋದೇ ಅದಕ್ಕೆ. ನಾನೇ ಬೀಗದ ಕೈ ಕೊಡ್ಲಿಲ್ಲ."

ಹುಚ್ಚರಂಗಯ್ಯ ಕೆಮ್ಮಿದ. "ನಂದೂ ತಪ್ಪಾಯ್ತಮ್ಮ. ಈಗ ಕೊಡ್ತೀರೋ ಇಲ್ವೋ?"

"ಬನ್ನಿ, ಒಳಮಡಿ ತೋರಿಸ್ತೀನಿ. ಕೈ ಮಾತ್ರ ನಿಮ್ಮ ಹತ್ರಾನೇ ಇರ್ಲಿ," ಅಂದಳು ಜಯಕ್ಕ. ಎರಡು ಹೆಜ್ಜೆ ಇಟ್ಟು ತಿರುಗಿದಳು. "ಚಿತ್ತೇಶ, ಸೋಮವಾರ ಬತ್ತೀನಿ ಅಂಗಡಿಗೆ. ತೆರಿ ಅದನ್ನ. ಆದ್ರೆ ಆ ನಂಬರು ಬ್ಯಾಡ. ಕೈ ಮಾಡೋ ಕೇಡು ಒಂದು ಕಡೆ, ಕಣ್ಣು ಮಾಡೋದು ಇನ್ನೊಂದು ಕಡೆ. ಅದೂ ಇಲ್ಲ ಅನ್ನಬ್ಯಾಡ ನೀನು."

ಚಿತ್ತೇಶ ಇಲ್ಲ ಅನ್ನಲಿಲ್ಲ.

ಸೋಮವಾರಕ್ಕೆ ಮೊದಲು ಕಾಮ್ರಾನ್ ಹೇಳಿದ ಹಾಗೇ ಮಾಡಿದ. ಇಡೀ ಸೈಟನ್ನು ಅಂಗಡಿಯ ಕಂಪ್ಯೂಟರಿಗೆ ಇಳಿಸಿಕೊಂಡು ಒಂದು ನಕಲು ಎತ್ತಿಟ್ಟ. ಸಾಫ್ಟ್‌ವೇರಿನ ಮೂಲ ಫೈಲನ್ನು ಹೊಸದಾಗಿ ತಂದು ನಕಲಿನ ಮೇಲೆ ಹಾಕಿ ನೋಡಿದ. ತಾಯಿಮರ ಎದ್ದು ನಿಂತಿತು, ಹಸಿರು ಅಂಕಿ ತಾನಾಗಿಯೇ ಮಾಯವಾಗಿತ್ತು. ಪುಟ ಮೊದಲಿಗಿಂತ ಬೇಗ ತೆರೆಯಿತು. ಆ ಅಂಕಿ ಯಾವುದೋ ದೇಶದ ಇನ್ನೊಂದು ಕಂಪ್ಯೂಟರಿನಿಂದ ಬರಬೇಕಿತ್ತು, ಅದು ಬರುವವರೆಗೂ ಪುಟ ಪೂರ್ತಿ ತೆರೆಯದೆ ಕಾಯುತ್ತಿತ್ತು ಅನ್ನುವುದು ಆಗ ತಿಳಿಯಿತು. ಕ್ಯಾಮೆರಾ ಕೊಟ್ಟ ಹಾಗೇ ಹಾಕಿದ್ದ ಭಾರಿ ಫೋಟೊಗಳನ್ನು ಕಾಮ್ರಾನ್ ಚಿಕ್ಕದು ಮಾಡಿಕೊಟ್ಟ. ಹಳ್ಳಿಯ ಕಡೆಯ ನೆಟ್ಟಿನಲ್ಲಿ ಅವು ತೆರೆಯುವಷ್ಟರಲ್ಲಿ ನೋಡುವವನು ಎದ್ದೇ ಹೋಗುತ್ತಿದ್ದ. ಎಲ್ಲ ಸರಿಯಿದೆ ಅಂತ ಗೊತ್ತಾದ ಮೇಲೆ ಮೇಲಕ್ಕೆ ಹಾಕಿದ. ಎಳೆದು ನೋಡಿ ಅನ್ನುವ ಸಾಲನ್ನು ಮಾತ್ರ ಅದಕ್ಕೂ ಮೊದಲೇ ತೆಗೆದಿದ್ದ.

ಜಯಕ್ಕ ಬಂದಳು. ಅವಳಿಗಾಗಿ ಬೇರೆಯೇ ಒಂದು ಹೆಸರು, ಬೇರೆಯೇ ಪಾಸ್‌ವರ್ಡು. ಅದರಲ್ಲಿ ಹೋದರೆ ಬರೆಯಬಹುದು, ತಿದ್ದಬಹುದು. ಸಾಫ್ಟ್‌ವೇರಿನ ಒಳಗಿನ ಯಂತ್ರ ಕಣ್ಣಿಗೇ ಬೀಳುವುದಿಲ್ಲ, ಹಾಗಾಗಿ ಏನು ಒತ್ತಿದರೂ ಸೈಟು ಬಿಳಿಯಾಗುವ ಭಯವಿಲ್ಲ.

"ಪಾಸ್‌ವರ್ಡ್ ಏನಿಡ್ತೀರಾ?" ಅಂದ ಚಿತ್ತೇಶ.

"ನಿಂಗ್ಯಾಕೆ ಹೇಳ್ಲಿ? ಇಬ್ರೂ ಆ ಕಡೆ ತಿರುಗಿ."

ತಿರುಗಿದರು. ಕಾಮ್ರಾನ್ ನಗು ತಡೆಯಲಾರದೆ ಜೆರಾಕ್ಸ್ ಮಿಷನ್ನಿನ ಮೇಲೆ ತಲೆ ಇಟ್ಟ.

ಆಮೇಲೆ ಬರವಣಿಗೆ. ಒಂದೇ ಬೆರಳು. ಕೀಲಿಮಣೆಯ ಮೇಲೆ ಅಕ್ಷರ ಹುಡುಕಿ ಹುಡುಕಿ, ಒತ್ತಿ, ತಲೆ ಎತ್ತಿ ಬಂತಾ ಅಂತ ನೋಡಿ, ಮತ್ತೆ ತಲೆ ಬಗ್ಗಿಸಿ. ಹೊರಗೆ, ಓಣಿಯ ಎದುರಿಗಿದ್ದ ಸನಾವುಲ್ಲಾನ ಗ್ಯಾರೇಜಿನಲ್ಲಿ ಒಂದು ಸ್ಕೂಟರು ಪೂರ್ತಿ ಬಿಚ್ಚಿ ಜೋಡಿಸಿ ಆಯಿತು. ಚಿತ್ತೇಶನ ಕಾಲು ಟೇಬಲ್ಲಿನ ಕೆಳಗೆ ಕುಣಿಯುತ್ತಿತ್ತು. ಒತ್ತಕ್ಷರ ತಪ್ಪಿದಾಗ ತಡೆಯಲಾರದೆ ಅವನ ಕೈ ಕೀಲಿಮಣೆಯ ಕಡೆ ಹೋಯಿತು.

ಕಾಮ್ರಾನ್ ಆ ಕೈಯ ಮೇಲೆ ಪಟ್ಟನೆ ಬಾರಿಸಿದ. "ಮುಟ್ಬೇಡ ಲೇ."

ಜಯಕ್ಕ ಬರೆದದ್ದು ಇಷ್ಟು:

'ಫೋನು ಮಾಡಿ ಬನ್ನಿ. ನಾನು ಇಲ್ಲದಾಗ ಬರಬೇಡಿ. ಬೇರು ನೋಡಬೇಕು ಅಂದರೆ ನಾನೇ ಒಂದು ಸಸಿ ಅಗೆದು ತೋರಿಸುತ್ತೇನೆ, ಅದು ನಿಮಗೇ. ಮಿಕ್ಕವನ್ನು ಎಳೆಯಬೇಡಿ. ಎಳೆದ ಸಸಿ ನಿಮ್ಮ ಕಣ್ಣಮುಂದೆ ಬಾಡುವುದಿಲ್ಲ, ನೀವು ಹೋದ ಮೇಲೆ ಬಾಡುತ್ತದೆ.'

ಚಿತ್ತೇಶ ಓದಿದ. ಕೊನೆಯ ಸಾಲನ್ನು ಇನ್ನೊಂದು ಸಲ ಓದಿದ. ಅದಕ್ಕೆ ಸೇರಿಸುವುದಕ್ಕೆ ಅವನ ಹತ್ತಿರ ಏನೂ ಇರಲಿಲ್ಲ.

"ಈಗ ಯಾವುದನ್ನ ಒತ್ಲಿ?" ಅಂದಳು ಜಯಕ್ಕ.

"ಆ ನೀಲಿ ಬಟನ್ನು. ಒತ್ತಿದ ತಕ್ಷಣ ಎಲ್ರಿಗೂ ಕಾಣ್ತದೆ."

ಅವಳು ಒಂದು ಗಳಿಗೆ ತಡೆದು, ದಾರಿ ಕಡೆಯ ಮಡಿ ಹೇಗೂ ಹೋಯಿತು, ಉಳಿದವನ್ನಾದರೂ ಮಳೆಗೆ ಮುಂಚೆ ದಾಟಿಸಪ್ಪ ಅಂತ ಯಾರಿಗೋ ಹೇಳಿಕೊಂಡು, ಒತ್ತಿದಳು.

ಮಳೆ ಇನ್ನೇನು ಬಂತು ಅನ್ನುವ ವಾರ ಚಿತ್ತೇಶ ಒಳಮಡಿಗಳ ಫೋಟೊ ತೆಗೆಯಲು ಹಂದನಕೆರೆಗೆ ಹೋದ. ಬೋರನಕಣಿವೆಯ ದಿಕ್ಕಿನಲ್ಲಿ ಮೋಡ ಕಟ್ಟಿತ್ತು. ತೋಟದ ದಾರಿಯಲ್ಲಿ ಟೆಂಪೋ ನಿಂತಿತ್ತು, ಅರ್ಧ ತುಂಬಿತ್ತು. ಫೋಟೊ ತೆಗೆಯುವುದಕ್ಕೆ ಒಳಮಡಿಯಲ್ಲಿ ಉಳಿದದ್ದೂ ಸ್ವಲ್ಪವೇ. ಅದರ ಅಂಚಿನಲ್ಲಿ, ಹೊಸದುರ್ಗದ ಕಡೆಯ ಮಾತಿನ ಒಬ್ಬ ದಪ್ಪ ಮೀಸೆಯ ಸಾಹುಕಾರ, ಸ್ಕೂಲಿನಲ್ಲಿ ತಪ್ಪು ಮಾಡಿ ನಿಂತವನ ಹಾಗೆ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಸಸಿಗಳ ಮೇಲೆ ಬಾಗಿದ್ದ.

"ಅಮ್ಮಾ," ಅಂತ ಬಾವಿಯ ಕಡೆ ಕೂಗಿದ, "ಈ ಮೂಲೆಯದ್ದನ್ನ ಒಂಚೂರು ಮುಟ್ಲೇನ್ರೀ?"

"ತಡೀರಿ," ಅಂದಳು ಜಯಕ್ಕ, ಗುದ್ದಲಿ ಹಿಡಿದು ಬರುತ್ತಾ. "ಬಂದೆ."